ಫ್ಯಾನ್ ಪೂರ್ತಿ ನಿಲ್ಲಲಿ, ಆಮೇಲೆ ಹಾರ ಹಾಕಿ

ಎಲ್ಲರಿಗೂ ನಮಸ್ಕಾರ. ಇವತ್ತು ಸುತ್ತಿ ಬಳಸಿ ಮಾತಾಡುವುದಿಲ್ಲ. ಹೆಲಿಕಾಪ್ಟರ್ ಇಳಿದ ಮೇಲೆ ಅದರ ಫ್ಯಾನ್ ಪೂರ್ತಿ ನಿಲ್ಲುವ ತನಕ ಯಾರೂ ಸುತ್ತ ಕಟ್ಟಿದ ಹಗ್ಗ ದಾಟಬಾರದು. ಹಾರ ಹಿಡಿದವರೂ ಅಷ್ಟೇ, ಕ್ಯಾಮೆರಾ ಹಿಡಿದವರೂ ಅಷ್ಟೇ, ಪಕ್ಷದ ಜಿಲ್ಲಾಧ್ಯಕ್ಷರೂ ಅಷ್ಟೇ.

ಸಣ್ಣ ಖಾಸಗಿ ವಿಮಾನ ಬಜ್ಪೆಯ ವಿಮಾನ ನಿಲ್ದಾಣದಲ್ಲಿ ಇಳಿದರೆ ನಮಗೂ ಅದಕ್ಕೂ ನಡುವೆ ಬೇಲಿ ಉಂಟು, ಸೆಕ್ಯುರಿಟಿ ಉಂಟು. ಹೆಲಿಕಾಪ್ಟರ್ ಹಾಗಲ್ಲ ಮಾರಾಯ್ರೆ, ಅದು ನಮ್ಮ ಊರಿನ ಒಳಗೇ ಬರುತ್ತದೆ. ಆದಿಉಡುಪಿಯ, ಮೇರಿಹಿಲ್‌ನ ಹೆಲಿಪ್ಯಾಡ್, ಕೊಲ್ಲೂರಿಗೆ ಬರುವ ವಿಐಪಿಗಳಿಗೆ ಅರೆಹೊಳೆಯದ್ದು, ಚುನಾವಣೆ ಬಂತೆಂದರೆ ಯಾವುದೋ ಶಾಲೆಯ ಮೈದಾನ. ಅಲ್ಲಿ ಜನ ಹೇಗೆ ನಿಂತಿರುತ್ತಾರೆ ಅಂತ ನೀವೂ ನೋಡಿರುತ್ತೀರಿ. ಗುಡ್ಡ ಕಡಿದು ಮಾಡಿದ ಮೈದಾನ, ಒಂದು ಬದಿಯಲ್ಲಿ ದರೆ, ದರೆಯ ಮೇಲೆ ಮಕ್ಕಳು. ಕೆಳಗೆ ಶಾಲು ಹಾಕಿದವರು, ಕೈಯಲ್ಲಿ ಬಾವುಟ, ಕೊಡೆ, ಮೊಬೈಲ್. ಚಕ್ರವೋ ಕಾಲೋ ನೆಲಕ್ಕೆ ತಾಗಿದ್ದೇ ತಡ, ಎಲ್ಲರೂ ಓಡುತ್ತಾರೆ. ಇಳಿಯಿತಲ್ಲ, ಇನ್ನೇನು ಭಯ ಅಂತ.

ಭಯ ಶುರುವಾಗುವುದೇ ಆಗ. ಬೆಲ್ 407 ಥರದ ಹೆಲಿಕಾಪ್ಟರ್ ಇಳಿದ ಕೂಡಲೇ ಇಂಜಿನ್ ಆಫ್ ಮಾಡುವ ಹಾಗಿಲ್ಲ. ಅದು ತಣಿಯಲು ಸುಮಾರು 2 ನಿಮಿಷ ನಿಧಾನಕ್ಕೆ ಓಡಿಸಬೇಕು. ಆಫ್ ಮಾಡಿದ ಮೇಲೂ ಫ್ಯಾನ್ ಇನ್ನಷ್ಟು ಹೊತ್ತು ತಿರುಗುತ್ತಲೇ ಇರುತ್ತದೆ. ವೇಗ ಕಡಿಮೆಯಾದ ಹಾಗೆ ಆ ಉದ್ದದ ಬ್ಲೇಡುಗಳು ತಮ್ಮದೇ ಭಾರಕ್ಕೆ ಬಾಗುತ್ತವೆ, ಆ ಹೊತ್ತಿಗೆ ಒಂದು ಜೋರು ಗಾಳಿ ಬೀಸಿದರೆ ತುದಿ ಇನ್ನೂ ಕೆಳಗೆ ಬರುತ್ತದೆ, ಸಮುದ್ರದ ಕಡೆಯಿಂದ ಮಧ್ಯಾಹ್ನ ಬೀಸುವ ಗಾಳಿಯನ್ನು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ ಅಲ್ವಾ. ದರೆ ಇರುವ ಬದಿಯಿಂದ ಇಳಿದು ಬರುವವರಿಗಂತೂ ಅಪಾಯ ಜಾಸ್ತಿ. ಅಲ್ಲಿ ನೆಲ ಎತ್ತರ, ಹಾಗಾಗಿ ಬ್ಲೇಡಿಗೂ ತಲೆಗೂ ನಡುವಿನ ಅಂತರ ಕಡಿಮೆ.

ನನಗೆ ಇದಕ್ಕಿಂತ ಹೆಚ್ಚು ಹೆದರಿಕೆ ಬಾಲದ ಫ್ಯಾನಿನದ್ದು. ಮೇಲಿನದಕ್ಕೆ ಜನ ಬಗ್ಗಿ ಓಡುತ್ತಾರೆ, ಆ ಬಗ್ಗುವುದೇ ಸಾಕು ಅಂದುಕೊಳ್ಳುತ್ತಾರೆ. ಹಿಂದಿನದು ಸಣ್ಣದು, ತುಂಬಾ ಜೋರಾಗಿ ತಿರುಗುತ್ತದೆ, ಬಾಡಿಗೆಗೆ ಬರುವ ಎಷ್ಟೋ ಹೆಲಿಕಾಪ್ಟರ್‌ಗಳಲ್ಲಿ ಅದು ಇರುವುದು ಮನುಷ್ಯರ ತಲೆಯ ಎತ್ತರಕ್ಕೆ. ಹಗಲು ಬೆಳಕಿನಲ್ಲಿ ಕಣ್ಣಿಗೆ ಕಾಣುವುದೇ ಇಲ್ಲ. ಆ ಸದ್ದಿನಲ್ಲಿ ಯಾರಾದರೂ ಕೂಗಿದರೂ ಕೇಳುವುದಿಲ್ಲ. ಪೈಲಟ್ ಮುಂದೆ ಕೂತಿರುತ್ತಾನೆ, ಹಿಂದೆ ಯಾರು ಬಂದರು ಅಂತ ಅವನಿಗೆ ಗೊತ್ತೇ ಆಗುವುದಿಲ್ಲ.

2023ರ ಏಪ್ರಿಲ್ 23ರಂದು ಕೇದಾರನಾಥದಲ್ಲಿ ಒಬ್ಬರು ತೀರಿಹೋದದ್ದು ಹೀಗೆಯೇ. ದೇವಸ್ಥಾನದ ಬಾಗಿಲು ತೆರೆಯಲು ಇನ್ನು ಎರಡು ದಿನ ಇತ್ತು. ತೀರಿಕೊಂಡವರು ಉತ್ತರಾಖಂಡದ ನಾಗರಿಕ ವಿಮಾನಯಾನ ಪ್ರಾಧಿಕಾರದ ಅಧಿಕಾರಿ. ಹೆಲಿಕಾಪ್ಟರ್‌ಗಳನ್ನೇ ನೋಡಿಕೊಳ್ಳುವ ಇಲಾಖೆಯವರಿಗೇ ಹೀಗಾದರೆ, ಹೂವಿನ ಬುಟ್ಟಿ ಹಿಡಿದು ನಿಂತ ನಮ್ಮ ಹುಡುಗರ ಗತಿ ಏನು? ಅದರ ಹಿಂದಿನ ವರ್ಷ, 2022ರ ಜುಲೈಯಲ್ಲಿ, ಗ್ರೀಸ್‌ನ ಅಥೆನ್ಸ್ ಹತ್ತಿರ ಎಳೆ ವಯಸ್ಸಿನ ಹುಡುಗನೊಬ್ಬ ಬೆಲ್ 407ರಿಂದ ಇಳಿದವನು ಬಾಲದ ಫ್ಯಾನಿಗೆ ಸಿಕ್ಕಿ ಸತ್ತ. ಪ್ರಯಾಣ ಮುಗಿದಿತ್ತು, ಇಳಿದೂ ಆಗಿತ್ತು.

ಸಣ್ಣ ವಿಮಾನದ್ದೂ ಇದೇ ಕಥೆ. 2011ರ ಡಿಸೆಂಬರ್‌ನಲ್ಲಿ ಅಮೆರಿಕದ ಟೆಕ್ಸಾಸ್‌ನಲ್ಲಿ ಕ್ರಿಸ್ಮಸ್ ದೀಪಾಲಂಕಾರವನ್ನು ಮೇಲಿನಿಂದ ನೋಡಿ ಬಂದ ಯುವತಿಯೊಬ್ಬಳು ಇಳಿದು ಕತ್ತಲಲ್ಲಿ ತಿರುಗುತ್ತಿದ್ದ ಪ್ರೊಪೆಲ್ಲರ್, ಅಂದರೆ ವಿಮಾನದ ಮುಂದಿನ ಫ್ಯಾನ್, ಕಡೆಗೆ ನಡೆದಳು. ಜೀವ ಉಳಿಯಿತು, ಎಡಗೈ ಮತ್ತು ಎಡಗಣ್ಣು ಹೋಯಿತು. ಇನ್ನೊಂದು ಮಾತು, ನಿಂತ ಪ್ರೊಪೆಲ್ಲರನ್ನೂ ಸುಮ್ನೆ ಮುಟ್ಟಬೇಡಿ. ಪೆಟ್ರೋಲ್ ಇಂಜಿನ್ನಿನಲ್ಲಿ ಕಿಡಿ ಹುಟ್ಟಿಸುವ ಮ್ಯಾಗ್ನೆಟೋ ಅಂತ ಒಂದು ಭಾಗ ಉಂಟು, ಕಿಡಿ ಕೊಡಲು ಅದಕ್ಕೆ ಬ್ಯಾಟರಿ ಬೇಡ. ಅದರ ಸ್ವಿಚ್ಚೋ ವೈರೋ ಕೆಟ್ಟಿದ್ದರೆ, ಕೈಯಲ್ಲಿ ಸ್ವಲ್ಪ ತಿರುಗಿಸಿದರೂ ಇಂಜಿನ್ ಹಾರಿ ಸ್ಟಾರ್ಟ್ ಆಗಬಹುದು.

ಇನ್ನು ಮೈದಾನದ ವಿಷಯ. 2023ರ ಮಾರ್ಚ್‌ನಲ್ಲಿ ಕಲಬುರಗಿಯ ಜೇವರ್ಗಿಯಲ್ಲಿ ಯಡಿಯೂರಪ್ಪನವರ ಹೆಲಿಕಾಪ್ಟರ್ ಇಳಿಯುವಾಗ ಪ್ಲಾಸ್ಟಿಕ್ ಹಾಳೆ, ಚೀಲ ಎಲ್ಲ ಗಾಳಿಗೆ ಎದ್ದು ಹಾರಿದವು. ಪೈಲಟ್ ಇಳಿಸದೆ ಮತ್ತೆ ಮೇಲೆ ಹೋದ. ಅದೇ ವರ್ಷ ಮೇ ತಿಂಗಳಲ್ಲಿ ನಮ್ಮ ಹೊನ್ನಾವರದಲ್ಲಿ ಡಿ.ಕೆ. ಶಿವಕುಮಾರ್ ಅವರಿಗಾಗಿ ಬಂದ ಹೆಲಿಕಾಪ್ಟರ್ ಇಳಿದ ಜಾಗದ ಹತ್ತಿರವೇ ಒಣಹುಲ್ಲಿಗೆ ಬೆಂಕಿ ಹತ್ತಿತು. ಜಾಗ ಗುರುತಿಗೆ ಹಾಕಿದ ಹೊಗೆಯಿಂದ ಅಂತ ಆಗ ಹೇಳಿದರು. ಕರಾವಳಿಯಲ್ಲಿ ಮೇ ತಿಂಗಳ ಮುಳಿಹುಲ್ಲು ಹೇಗಿರುತ್ತದೆ ಅಂತ ಇಲ್ಲಿನವರಿಗೆ ಗೊತ್ತಿಲ್ಲವೇ? ಹಿಂದಿನ ದಿನವೇ ಕೆತ್ತಿಸಬೇಕು, ನೀರು ಹೊಡೆಸಬೇಕು, ಟಾರ್ಪಾಲು, ಫ್ಲೆಕ್ಸ್, ಖಾಲಿ ಬಾಟಲಿ ಒಂದೂ ಉಳಿಯಬಾರದು.

ಪೊಲೀಸರು ಇರುತ್ತಾರಲ್ಲ ಅಂತೀರಿ. ಇರುತ್ತಾರೆ, ಪಾಪ. ಆದರೆ ಶಾಸಕರನ್ನೋ ಅವರ ಜೊತೆಗಿರುವ ಹತ್ತು ಜನರನ್ನೋ ತಡೆಯಲು ಒಬ್ಬ ಕಾನ್‌ಸ್ಟೇಬಲ್‌ಗೆ ಧೈರ್ಯ ಬರುವುದು ಹೇಗೆ? ನಾಯಕರೇ ಮೊದಲು ಹೇಳಬೇಕು, ಫ್ಯಾನ್ ನಿಲ್ಲದೆ ನಾನು ಇಳಿಯುವುದಿಲ್ಲ, ಹಾರ ಕಾರಿನ ಹತ್ತಿರ ಹಾಕಿ ಅಂತ. ದಿನಕ್ಕೆ ನಾಲ್ಕು ಸಭೆ ಇದ್ದರೂ ಐದು ನಿಮಿಷ ಕಾದರೆ ಮತ ಕಡಿಮೆಯಾಗುವುದಿಲ್ಲ.

ಜಾಲಿ ರೈಡ್‌ಗೆ ಹೋಗುವವರು ಕೂಡ ಕೇಳಿ. ಟೋಪಿ ತೆಗೆಯಿರಿ, ವೇಲ್ ಬಿಗಿಯಾಗಿ ಕಟ್ಟಿಕೊಳ್ಳಿ, ಕೊಡೆ ಮಡಚಿ ಕೆಳಗೆ ಹಿಡಿಯಿರಿ, ಮಗುವಿನ ಕೈ ಬಿಡಬೇಡಿ. ಸಿಬ್ಬಂದಿ ಕರೆದಾಗ ಮಾತ್ರ, ಪೈಲಟ್‌ಗೆ ಕಾಣುವ ಹಾಗೆ ಮುಂದಿನಿಂದ ಹೋಗಿ. ಇಳಿದ ಮೇಲೂ ಬಾಲದ ಕಡೆ ಹೆಜ್ಜೆ ಹಾಕಬೇಡಿ, ಮೊಬೈಲ್ ಹಾರಿ ಹೋದರೂ ಅದರ ಹಿಂದೆ ಓಡಬೇಡಿ.

ನೀವು ಯಾವುದಾದರೂ ಸ್ವಾಗತ ಸಮಿತಿಯಲ್ಲಿದ್ದರೆ, ಹಿಂದಿನ ಸಂಜೆಯ ಮೀಟಿಂಗ್‌ನಲ್ಲಿ ಊಟ, ಮೈಕ್, ಶಾಮಿಯಾನದ ಜೊತೆ ಇದನ್ನೂ ಸೇರಿಸಿ: ಬಾಲದ ಬದಿಗೆ ದೂರದಲ್ಲಿ ನಿಂತು ಜನರನ್ನು ತಡೆಯಲು ಇಬ್ಬರು ಗಟ್ಟಿ ಆಳುಗಳು. ಅವರ ಕೈಯಲ್ಲಿ ಮೊಬೈಲ್ ಬೇಡ, ಹಾರವೂ ಬೇಡ.