ಜೇಬಿನಲ್ಲಿರುವ ಇನ್ನೊಂದು ಫೋನ್

ನಮಸ್ಕಾರ. 2025ರ ಮಾರ್ಚ್ 15, ಶನಿವಾರ. ಅಮೆರಿಕದ ಒಂದು ಸೂಪರ್‌ಮಾರ್ಕೆಟ್‌ ಪಾರ್ಕಿಂಗ್‌ನಲ್ಲಿ ಒಬ್ಬ ಪತ್ರಕರ್ತ ಕಾರಲ್ಲೇ ಕುಳಿತು ಫೋನ್ ನೋಡುತ್ತಿದ್ದಾರೆ. ಯೆಮೆನ್‌ನಲ್ಲಿ ನಿಜವಾಗಲೂ ಬಾಂಬ್ ಬೀಳುತ್ತಾ ಅಂತ ಕಾಯುತ್ತಿದ್ದಾರೆ. ಸುಮಾರು ಎರಡು ಗಂಟೆ ಮೊದಲೇ ಅವರಿಗೆ ಸಿಗ್ನಲ್ ಆ್ಯಪ್‌ನಲ್ಲಿ ಮೆಸೇಜ್ ಬಂದಿತ್ತು. ವಿಮಾನಗಳು ಎಷ್ಟು ಗಂಟೆಗೆ ಏರುತ್ತವೆ, ದಾಳಿ ಯಾವಾಗ, ಎಲ್ಲವೂ ಅದರಲ್ಲಿತ್ತು. ಕಳಿಸಿದವರು ಅಮೆರಿಕದ ರಕ್ಷಣಾ ಸಚಿವ ಪೀಟ್ ಹೆಗ್ಸೆತ್. ಹೇಳಿದ ಹೊತ್ತಿಗೆ ಬಾಂಬ್ ಬಿತ್ತು.

ಆ ಪತ್ರಕರ್ತ ದಿ ಅಟ್ಲಾಂಟಿಕ್ ಪತ್ರಿಕೆಯ ಸಂಪಾದಕ ಜೆಫ್ರಿ ಗೋಲ್ಡ್‌ಬರ್ಗ್. ಆಗಿನ ರಾಷ್ಟ್ರೀಯ ಭದ್ರತಾ ಸಲಹೆಗಾರ ಮೈಕ್ ವಾಲ್ಟ್ಸ್ ಮಾಡಿದ್ದ ಸಿಗ್ನಲ್ ಗ್ರೂಪಿಗೆ ಇವರ ನಂಬರೂ ಸೇರಿಬಿಟ್ಟಿತ್ತು. ನಗಬೇಡಿ. ಮನೆ ಗ್ರೂಪಿಗೆ ಹಾಕಬೇಕಿದ್ದ "ಕೊತ್ತಂಬರಿ ಸೊಪ್ಪು ಮರೀಬೇಡ" ಅನ್ನುವ ಮೆಸೇಜನ್ನು ನಾನು ಆಫೀಸ್ ಗ್ರೂಪಿಗೆ ಹಾಕಿದ್ದೇನೆ. ನನ್ನಿಂದ ಯಾವ ಯುದ್ಧದ ಗುಟ್ಟೂ ಹೊರಬೀಳಲಿಲ್ಲ, ಅಷ್ಟೇ.

ಗಮನಿಸಿ, ಮೆಸೇಜನ್ನು ಹೊರಗಿನವರು ಓದದಂತೆ ಕಾಯುವ ಸಿಗ್ನಲ್‌ನ ಗೂಢಲಿಪಿಯನ್ನು ಇಲ್ಲಿ ಯಾರೂ ಒಡೆದಿರಲಿಲ್ಲ. ಬೀಗ ಸರಿಯಾಗಿಯೇ ಇತ್ತು. ಕಳ್ಳ ಬರಲಿಲ್ಲ, ಮನೆಯವರೇ ಕರೆದು ಕೂರಿಸಿದರು.

ಹಾಗಾದರೆ ಅಮೆರಿಕದಲ್ಲಿ ಭದ್ರವಾದ ಸರ್ಕಾರಿ ವ್ಯವಸ್ಥೆ ಇರಲಿಲ್ವಾ? ಬೇಕಾದಷ್ಟಿತ್ತು. ಆದರೆ ಅದನ್ನು ಬಳಸುವುದು ತಲೆನೋವು. ಕೈಯಲ್ಲಿರುವ ಫೋನನ್ನು ಹೊರಗಿಟ್ಟು ಬೇರೆ ಕೋಣೆಗೆ ಹೋಗಬೇಕು. 2016ರಲ್ಲಿ ಒಬಾಮಾ ಒಂದು ಟಿವಿ ಕಾರ್ಯಕ್ರಮದಲ್ಲಿ ತಮ್ಮ ಹೊಸ ಫೋನನ್ನು ಮಗುವಿನ ಆಟದ ಫೋನಿಗೆ ಹೋಲಿಸಿದ್ದರು. ಫೋಟೋ ತೆಗೆಯಲಾಗದು, ಮೆಸೇಜ್ ಕಳಿಸಲಾಗದು, ಹಾಡೂ ಇಲ್ಲ. ಜನ ನಕ್ಕರು. ನನಗೆ ಮಾತ್ರ ಅಲ್ಲೇ ಸಮಸ್ಯೆಯ ಬೇರು ಕಾಣುತ್ತದೆ. ಆಟಿಕೆಯಂಥ ಫೋನ್ ಕೊಟ್ಟರೆ ಮನುಷ್ಯ ಜೇಬಿನಿಂದ ಇನ್ನೊಂದನ್ನು ತೆಗೆಯುತ್ತಾನೆ.

ಜರ್ಮನಿಯ ಆಗಿನ ಚಾನ್ಸಲರ್ ಏಂಜೆಲಾ ಮರ್ಕೆಲ್ ಕಥೆಯೂ ಇದೇ. ಅಮೆರಿಕದವರು ಅವರ ಫೋನ್ ಕದ್ದು ಕೇಳುತ್ತಿದ್ದರು ಅಂತ 2013ರಲ್ಲಿ ದೊಡ್ಡ ಗಲಾಟೆ ಆಯಿತಲ್ಲ, ಆಗ ಬಂದ ವರದಿಗಳ ಪ್ರಕಾರ ಅದು ಸರ್ಕಾರದ ಭದ್ರ ಫೋನ್ ಅಲ್ಲ. ಪಕ್ಷದ ಕೆಲಸಕ್ಕೆ ಇಟ್ಟುಕೊಂಡಿದ್ದ ಫೋನ್.

ನಮ್ಮಲ್ಲಿಗೆ ಬರೋಣ. 2019ರ ಡಿಸೆಂಬರ್‌ನಲ್ಲಿ ಬೇಹುಗಾರಿಕೆ ಆರೋಪದ ಮೇಲೆ ನೌಕಾಪಡೆಯ ಏಳು ಜನರ ಬಂಧನವಾಯಿತು. ಅವರು ಕೆಲಸ ಮಾಡುತ್ತಿದ್ದ ನೆಲೆಗಳಲ್ಲಿ ನಮ್ಮ ಕಾರವಾರವೂ ಒಂದು. ಫೇಸ್‌ಬುಕ್‌ನಲ್ಲಿ ಹೆಣ್ಣಿನ ಹೆಸರಲ್ಲಿ ಪರಿಚಯ, ಆಮೇಲೆ ಬಲೆ. ಅದೇ ತಿಂಗಳು ನೌಕಾಪಡೆ ಹಡಗು ಮತ್ತು ನೆಲೆಗಳಲ್ಲಿ ಸ್ಮಾರ್ಟ್‌ಫೋನನ್ನೇ ನಿಷೇಧಿಸಿತು. ಮರುವರ್ಷ ಭೂಸೇನೆ ಫೇಸ್‌ಬುಕ್, ಇನ್‌ಸ್ಟಾಗ್ರಾಂ ಸೇರಿ 89 ಆ್ಯಪ್‌ಗಳನ್ನು ಅಳಿಸಿಹಾಕಲು ಸೈನಿಕರಿಗೆ ಹೇಳಿತು.

ಇಂಥ ನಿಷೇಧ ಬೇಡ ಅನ್ನಲಾರೆ. ಆದರೆ ತಿಂಗಳುಗಟ್ಟಲೆ ಸಮುದ್ರದಲ್ಲೋ ಗಡಿಯಲ್ಲೋ ಇರುವ ಹುಡುಗನಿಗೆ ಮನೆಯವರ ದನಿ ಕೇಳಬೇಕು ಅನ್ನಿಸುವುದನ್ನು ಯಾವ ಸುತ್ತೋಲೆಯೂ ನಿಲ್ಲಿಸದು. 2023ರ ಹೊಸ ವರ್ಷ ಹುಟ್ಟಿದ ಗಳಿಗೆಯಲ್ಲೇ, ಉಕ್ರೇನ್‌ನ ಮಾಕೀವ್ಕಾದಲ್ಲಿ ರಷ್ಯಾದ ಸೈನಿಕರಿದ್ದ ಕಟ್ಟಡಕ್ಕೆ ರಾಕೆಟ್ ಬಿತ್ತು. 89 ಜನ ಸತ್ತರು, ನಿಷೇಧವಿದ್ದರೂ ಅವರು ಮೊಬೈಲ್ ಬಳಸಿ ಶತ್ರುವಿಗೆ ಜಾಗ ಗೊತ್ತಾಗುವಂತೆ ಮಾಡಿದ್ದೇ ಮುಖ್ಯ ಕಾರಣ ಅಂತ ರಷ್ಯಾ ಸೇನೆ ಹೇಳಿತು. ಅಷ್ಟು ಜನರನ್ನು ಒಂದೇ ಕಟ್ಟಡದಲ್ಲಿ ತುಂಬಿದವರ ಬಗ್ಗೆ? ಸತ್ತವರ ಮೇಲೆ ತಪ್ಪು ಹೊರಿಸುವುದು ಸುಲಭ, ಅಲ್ವಾ?

ಹಾಗಾಗಿ ನಮ್ಮ ಭೂಸೇನೆ ಸಂಭವ್ ಅನ್ನುವ ತನ್ನದೇ 5ಜಿ ಫೋನ್ ತಂದಾಗ ನನಗೆ ಖುಷಿಯಾಯಿತು. ಸುಮಾರು 30,000 ಅಧಿಕಾರಿಗಳಿಗೆ ಅದು ಸಿಕ್ಕಿದೆ. ಅದರಲ್ಲಿ ವಾಟ್ಸಾಪ್‌ನಂಥದ್ದೇ ಒಂದು ಆ್ಯಪ್ ಇದೆ, ಎಂ-ಸಿಗ್ಮಾ. ಸೇನೆಯವರ ನಂಬರ್‌ಗಳು ಮೊದಲೇ ಸೇವ್ ಆಗಿರುತ್ತವೆ. ಚೀನಾದ ಜೊತೆ 2024ರಲ್ಲಿ ನಡೆದ ಮಾತುಕತೆ ವೇಳೆ ಇದನ್ನೇ ಬಳಸಿದರು ಅಂತ ವರದಿಯಾಗಿದೆ. ವಾಟ್ಸಾಪ್‌ನಂತೆಯೇ ಮಾಡಿದ್ದಾರೆ ನೋಡಿ, ಅದು ನನಗೆ ಜಾಸ್ತಿ ಹಿಡಿಸಿತು. ಬೆರಳಿಗೆ ಅಭ್ಯಾಸವಾದದ್ದನ್ನೇ ಕೊಟ್ಟಿದ್ದಾರೆ.

ಅದರ ಗೂಢಲಿಪಿ ಎಷ್ಟು ಗಟ್ಟಿ ಅಂತ ಎಲ್ಲರೂ ಕೇಳುತ್ತಾರೆ. ನನ್ನ ಪ್ರಶ್ನೆ ಬೇರೆ. ಆ ಫೋನ್ ಬಂದ ಮೇಲೆ ಎಷ್ಟು ಯೂನಿಟ್‌ಗಳ ಹಳೇ ವಾಟ್ಸಾಪ್ ಗ್ರೂಪ್ ಸದ್ದಿಲ್ಲದೆ ಖಾಲಿಯಾಯಿತು?