ರಾಯಚೂರು ಕೋರ್ಟಿನಲ್ಲಿ ಇಂಟರ್ನ್‌ಶಿಪ್: ಡೈರಿಯಲ್ಲಿ ಬರೆಯಲು ಏನಿರುತ್ತದೆ?

ನಮಸ್ಕಾರ. ಈ ವಿಡಿಯೊದಲ್ಲಿ ನಿಮಗೆ ಕೋರ್ಟ್ ಹಾಲ್ ಕಾಣಿಸುವುದಿಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಅನುಮತಿಯಿಲ್ಲದೆ ನ್ಯಾಯಾಲಯದ ಕಲಾಪವನ್ನು ಚಿತ್ರೀಕರಿಸುವಂತಿಲ್ಲ. ನಾನು ಇಂಟರ್ನ್ ಆಗಿರುವ ವಕೀಲರ, ಅಂದರೆ ನಮ್ಮ ಸೀನಿಯರ್ ಅವರ, ಕಚೇರಿಯೊಳಗೂ ನಾನು ಕ್ಯಾಮೆರಾ ಹೊರತೆಗೆದಿಲ್ಲ. ಕಕ್ಷಿದಾರರು ವಕೀಲರ ಮುಂದೆ ಆಡಿದ ಮಾತು ಗುಟ್ಟಾಗಿಯೇ ಉಳಿಯಬೇಕು ಎನ್ನುತ್ತದೆ ಭಾರತೀಯ ಸಾಕ್ಷ್ಯ ಅಧಿನಿಯಮದ 132ನೇ ಕಲಂ. ವಕೀಲರ ಗುಮಾಸ್ತರಿಗೂ ನೌಕರರಿಗೂ ಅದು ಅನ್ವಯಿಸುತ್ತದೆ. ಇಂಟರ್ನ್ ಗುಮಾಸ್ತಳೂ ಅಲ್ಲ, ನೌಕರಳೂ ಅಲ್ಲ, ಹಾಗಾಗಿ ನನಗೆ ಆ ಕಟ್ಟಿಲ್ಲ ಎಂದು ವಾದಿಸುವಂಥ ಜಾಣತನ ನನಗೆ ಬೇಡ. ಆದ್ದರಿಂದ ನೀವು ನೋಡುವುದು ಮಾನ್ವಿಯಿಂದ ರಾಯಚೂರಿಗೆ ಬರುವ ಬಸ್ಸು, ಕೋರ್ಟಿನ ಗೇಟು, ಝೆರಾಕ್ಸ್ ಅಂಗಡಿ, ಮಂಡಾಳು ಒಗ್ಗರಣೆ, ಮಿರ್ಚಿ. ಉಳಿದದ್ದಕ್ಕೆ ನನ್ನ ಧ್ವನಿಯನ್ನೇ ನಂಬಬೇಕು. ಹೇಳುವ ಪ್ರಕರಣದ ಊರು, ಹೆಸರು, ವಿವರಗಳನ್ನು ಗುರುತು ಸಿಗದಂತೆ ಬದಲಿಸಿದ್ದೇನೆ.

ಬಸ್ಸಿನ ವಿಷಯ ಬಂತು, ಅದನ್ನೂ ಹೇಳುತ್ತೇನೆ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ನಮಗೆ ಟಿಕೆಟ್ ದುಡ್ಡಿಲ್ಲ. ಸಂಬಳವಿಲ್ಲದ ಇಂಟರ್ನ್‌ಶಿಪ್ ಮಾಡುವ ಹುಡುಗಿಗೆ ಇದು ಸಣ್ಣ ಸಂಗತಿಯಲ್ಲ. ನನ್ನ ತರಗತಿಯ ಇಬ್ಬರು ಗೆಳತಿಯರು ಮನೆಯಲ್ಲಿ ಒಪ್ಪಿಗೆ ಪಡೆದದ್ದೇ ಈ ಲೆಕ್ಕದ ಮೇಲೆ.

ಈಗ ನಿಯಮ. ಭಾರತೀಯ ವಕೀಲರ ಪರಿಷತ್ತಿನ 2008ರ ಕಾನೂನು ಶಿಕ್ಷಣ ನಿಯಮಗಳ ಪ್ರಕಾರ ಮೂರು ವರ್ಷದ ಎಲ್‌ಎಲ್‌ಬಿ ಓದುವವರಿಗೆ ಕನಿಷ್ಠ 12 ವಾರ, ಐದು ವರ್ಷದ ಕೋರ್ಸಿನವರಿಗೆ 20 ವಾರ ಇಂಟರ್ನ್‌ಶಿಪ್ ಆಗಲೇಬೇಕು. ಒಂದು ವರ್ಷದಲ್ಲಿ ಸತತವಾಗಿ ನಾಲ್ಕು ವಾರಕ್ಕಿಂತ ಹೆಚ್ಚು ಮಾಡುವಂತಿಲ್ಲ. ಸ್ವಯಂಸೇವಾ ಸಂಸ್ಥೆ, ಕಂಪನಿ, ಪಂಚಾಯಿತಿ ಎಲ್ಲಿ ಬೇಕಾದರೂ ಮಾಡಬಹುದು. ಆದರೆ ವಿಚಾರಣಾ ನ್ಯಾಯಾಲಯದ ವಕೀಲರ ಬಳಿ ಮತ್ತು ಮೇಲ್ಮನವಿ ನಡೆಸುವ ವಕೀಲರ ಬಳಿ ಒಮ್ಮೆಯಾದರೂ ಇದ್ದು ಬರಬೇಕು.

ಕಾಗದದ ಮೇಲೆ ಚೆನ್ನಾಗಿದೆ. ನಡೆಯುವುದು ಬೇರೆ. ಪರಿಚಯದ ವಕೀಲರ ಕಚೇರಿಗೆ ಹೋಗುವುದು, ಚಹಾ ಕುಡಿಯುವುದು, ಲೆಟರ್‌ಹೆಡ್ ಮೇಲೆ ಪ್ರಮಾಣಪತ್ರ ಮಾಡಿಸಿಕೊಳ್ಳುವುದು, ಕಾಲೇಜಿಗೆ ಒಪ್ಪಿಸುವ ಡೈರಿಗೆ ಹಿಂದಿನ ಬ್ಯಾಚಿನವರದನ್ನೇ ತಾರೀಖು ಬದಲಿಸಿ ನಕಲು ಮಾಡುವುದು. ಯಾರನ್ನೂ ಬೊಟ್ಟು ಮಾಡಿ ತೋರಿಸುತ್ತಿಲ್ಲ. ಕಾನೂನು ಓದುತ್ತಿರುವ ಯಾರನ್ನಾದರೂ ಕೇಳಿ, ನಕ್ಕು ಸುಮ್ಮನಾಗುತ್ತಾರೆ. ಆ ಡೈರಿಗಳಲ್ಲಿ ಒಂದನ್ನು ಓದಿದ್ದೇನೆ. "ಇಂದು ನ್ಯಾಯಾಲಯದ ಕಲಾಪ ವೀಕ್ಷಿಸಿದೆನು. ಬಹಳ ಮಾಹಿತಿಪೂರ್ಣವಾಗಿತ್ತು." ಮರುದಿನವೂ ಅದೇ. ಅದರ ಮರುದಿನವೂ ಅದೇ.

ನಿಜವಾಗಿ ಡೈರಿಯಲ್ಲಿ ಏನು ಇರಬೇಕೆಂದು ನಿಯಮದಲ್ಲೇ ಬರೆದಿದ್ದಾರೆ, ಅದನ್ನು ತೆರೆದು ನೋಡುವವರು ಕಡಿಮೆ. ಒಂದು ಸಿವಿಲ್, ಒಂದು ಕ್ರಿಮಿನಲ್ ಪ್ರಕರಣದ ವಿಚಾರಣೆಯನ್ನು ಕೂತು ನೋಡಿ ಹಂತ ಹಂತವಾಗಿ ದಾಖಲಿಸುವುದಕ್ಕೆ 30 ಅಂಕ. ವಕೀಲರು ಕಕ್ಷಿದಾರರನ್ನು ವಿಚಾರಿಸುವುದನ್ನು ಎರಡು ಸಲ ಗಮನಿಸಿ ಬರೆಯುವುದಕ್ಕೆ 15. ಕಾಗದಪತ್ರ ಸಿದ್ಧಪಡಿಸಿ ದಾವೆ ದಾಖಲಿಸುವ ಕ್ರಮವನ್ನು ನೋಡಿ ಬರೆಯುವುದಕ್ಕೆ ಇನ್ನೊಂದು 15. ಅಂದರೆ ಕೋರ್ಟ್ ಹಾಲಿನೊಳಗೆ ಎಷ್ಟು ಅಂಕವೋ ಹೊರಗೂ ಅಷ್ಟೇ. ನನ್ನನ್ನು ಕೇಳಿದರೆ ಹೊರಗಿನದಕ್ಕೇ ಹೆಚ್ಚು ಕೊಡಬೇಕಿತ್ತು. ಏಕೆಂದರೆ ವಾದ ಹೇಗಿರುತ್ತದೆ ಎಂಬುದನ್ನು ಅಣಕು ನ್ಯಾಯಾಲಯದಲ್ಲಾದರೂ ಅಷ್ಟಿಷ್ಟು ಕಲಿಯಬಹುದು. ಕಕ್ಷಿದಾರರ ಮುಂದೆ ಕೂತು ಪ್ರಶ್ನೆ ಕೇಳುವುದನ್ನು ಯಾವ ಪುಸ್ತಕವೂ ಕಲಿಸುವುದಿಲ್ಲ.

ಒಂದು ಸಂಜೆಯ ಉದಾಹರಣೆ ಕೊಡುತ್ತೇನೆ. ಅರವತ್ತು ದಾಟಿದ ಒಬ್ಬ ತಾಯಿ ಬಂದರು. ಕೈಯಲ್ಲಿ ರಸಗೊಬ್ಬರದ ಅಂಗಡಿಯ ಪ್ಲಾಸ್ಟಿಕ್ ಚೀಲ, ಅದರ ತುಂಬ ಕಾಗದ. ತಂದೆಯ ಹೊಲದಲ್ಲಿ ತಮಗೂ ಪಾಲು ಬೇಕು, ಅಣ್ಣತಮ್ಮಂದಿರು ಕೊಡುತ್ತಿಲ್ಲ ಎಂಬುದು ದೂರು. ನನ್ನ ತಲೆಯಲ್ಲಿ ಆಗಲೇ ಉತ್ತರ ಸಿದ್ಧವಾಗಿತ್ತು: 2005ರ ಹಿಂದೂ ಉತ್ತರಾಧಿಕಾರ ತಿದ್ದುಪಡಿ, 2020ರ ವಿನೀತಾ ಶರ್ಮಾ ತೀರ್ಪು, ಮಗಳಿಗೆ ಹುಟ್ಟಿನಿಂದಲೇ ಹಕ್ಕು, 2005ರಲ್ಲಿ ತಂದೆ ಬದುಕಿರಬೇಕೆಂದೇನೂ ಇಲ್ಲ. ಪರೀಕ್ಷೆಯಾಗಿದ್ದರೆ ಇಲ್ಲಿಗೆ ಉತ್ತರ ಮುಗಿಯುತ್ತಿತ್ತು.

ಸೀನಿಯರ್ ಅದಾವುದನ್ನೂ ಎತ್ತಲಿಲ್ಲ. "ಯಾವ ಬಸ್ಸಿಗೆ ಬಂದಿರಿ ಅವ್ವಾ, ಊಟ ಆಯಿತೇ?" ಎಂದರು. ಆಮೇಲೆ ನನ್ನ ಕಡೆ ಒಂದು ಹಾಳೆ ತಳ್ಳಿ, ಅವರು ಹೇಳಿದಂತೆ ವಂಶವೃಕ್ಷ ಬರೆಯಲು ಹೇಳಿದರು. ಅಜ್ಜನಿಂದ ಶುರುಮಾಡಿದೆವು. ತಂದೆಗೆ ಇಬ್ಬರು ಹೆಂಡಿರು ಎಂಬುದು ಮೂರನೇ ಪ್ರಶ್ನೆಗೆ ಹೊರಬಂತು. ಮೊದಲ ಹೆಂಡತಿಯ ಮಗಳೊಬ್ಬರು ತೀರಿಕೊಂಡು ಬಹಳ ವರ್ಷವಾಯಿತು. ಅವರ ಮಕ್ಕಳು ಬೆಂಗಳೂರಿನಲ್ಲಿ ಗಾರೆ ಕೆಲಸಕ್ಕಿದ್ದಾರೆ. "ಅವರು ಯಾತಕ್ಕೆ ಬೇಕು, ಅವರು ಕೇಳಿಲ್ಲವಲ್ಲ" ಎಂದರು ಆ ತಾಯಿ. ಬೇಕು. ಪಾಲಿನ ದಾವೆಯಲ್ಲಿ ಹಕ್ಕುದಾರರೊಬ್ಬರನ್ನು ಸೇರಿಸದೆ ಬಿಟ್ಟರೆ, ಆ ಒಂದು ಕೊರತೆಯನ್ನೇ ಎದುರಿನವರು ಹಿಡಿಯುತ್ತಾರೆ, ದಾವೆಯೇ ಬಿದ್ದುಹೋಗಬಹುದು.

ಚೀಲದಲ್ಲಿ 1954-55ರ ಖಾಸ್ರಾ ಪಹಣಿಯ ನಕಲು ಇತ್ತು. ಜೊತೆಗೆ ಉರ್ದುವಿನಲ್ಲಿ ಬರೆದ ಇನ್ನೊಂದು ಹಳೆಯ ಕಾಗದ. ರಾಯಚೂರು 1956ರವರೆಗೆ ಹೈದರಾಬಾದ್ ರಾಜ್ಯದಲ್ಲಿತ್ತು. ಹಳೆಯ ಜಮೀನಿನ ದಾಖಲೆಗಳಲ್ಲಿ ನಿಜಾಮರ ಕಾಲ ಇನ್ನೂ ಉಸಿರಾಡುತ್ತಿದೆ. ಪಕ್ಕದ ಬಳ್ಳಾರಿಯವರು 1953ರವರೆಗೆ ಮದ್ರಾಸಿನಲ್ಲಿದ್ದರು, ಅವರಿಗೆ ಈ ಗೋಜಿಲ್ಲ, ಅವರ ಗೋಜು ಬೇರೆ. ಆ ಕಾಗದವನ್ನು ಓದಿಸಲು ನಿವೃತ್ತ ಉರ್ದು ಮೇಷ್ಟ್ರೊಬ್ಬರನ್ನು ಮರುದಿನ ಕರೆಸಬೇಕಾಯಿತು. ಎಲ್‌ಎಲ್‌ಬಿ ಪಠ್ಯಕ್ರಮದಲ್ಲಿ ಇದನ್ನು ಯಾವ ಸೆಮಿಸ್ಟರಿಗೆ ಸೇರಿಸುತ್ತೀರೋ ನೀವೇ ಹೇಳಿ.

ಎಲ್ಲ ಮುಗಿದು ಆ ತಾಯಿ ಚಪ್ಪಲಿ ಮೆಟ್ಟುತ್ತಿದ್ದಾಗ ಒಂದು ಮಾತು ತೇಲಿಬಂತು: "ಬೆಳೆ ಸಾಲ ಕೊಡಿಸುತ್ತೇವೆ ಎಂದು ಒಮ್ಮೆ ಹೆಬ್ಬೆಟ್ಟು ಒತ್ತಿಸಿಕೊಂಡಿದ್ದರು." ಸೀನಿಯರ್ ಅವರನ್ನು ವಾಪಸ್ ಕೂರಿಸಿದರು. ಯಾವ ಕಾಗದ ಎಂದು ಕೇಳಲಿಲ್ಲ. ಓದಲು ಬಾರದವರಿಗೆ ಅದು ಹೇಗೆ ಗೊತ್ತಿರಬೇಕು? "ಎಲ್ಲಿ ಒತ್ತಿದಿರಿ, ಮನೆಯಲ್ಲೋ, ಆಫೀಸಿನಲ್ಲೋ? ಕಂಪ್ಯೂಟರ್ ಮುಂದೆ ಕೂರಿಸಿ ಫೋಟೊ ತೆಗೆದರಾ?" ಎಂದು ಕೇಳಿದರು. ತೆಗೆದಿದ್ದರು. ಹಾಗಾದರೆ ಅದು ಉಪ ನೋಂದಣಾಧಿಕಾರಿಗಳ ಕಚೇರಿ. ಹಾಗಾದರೆ ಹಕ್ಕು ಬಿಡುಗಡೆ ಪತ್ರವೇ, ಅಂದರೆ ತಮ್ಮ ಪಾಲು ಬಿಟ್ಟುಕೊಟ್ಟಿದ್ದೇನೆ ಎಂಬ ಪತ್ರವೇ, ನೋಂದಣಿಯಾಗಿರುವ ಸಾಧ್ಯತೆಯಿದೆ. ಮನೆಯಲ್ಲಿ ಛಾಪಾ ಕಾಗದಕ್ಕೆ ಒತ್ತಿಸಿಕೊಂಡ ಹೆಬ್ಬೆಟ್ಟಾಗಿದ್ದರೆ ಅದರ ಬೆಲೆ ಬೇರೆ. ನೋಂದಣಿಯಾದ ಪತ್ರವಾದರೆ ಅದನ್ನು ರದ್ದುಪಡಿಸಲೂ ಕೇಳಬೇಕು, ಮೋಸ ತಿಳಿದ ದಿನದಿಂದ ಮೂರು ವರ್ಷದ ಕಾಲಮಿತಿಯ ಪ್ರಶ್ನೆಯೂ ಏಳುತ್ತದೆ. ಫೋಟೊ ತೆಗೆದರಾ ಎಂಬ ಒಂದೇ ಪ್ರಶ್ನೆಗೆ ದಾವೆಯ ಸ್ವರೂಪವೇ ಬದಲಾಯಿತು. ಮರುದಿನ ಮೊದಲ ಕೆಲಸ, ಆ ಸರ್ವೆ ನಂಬರುಗಳಿಗೆ ಋಣಭಾರ ಪ್ರಮಾಣಪತ್ರ, ಎಲ್ಲರೂ ಕರೆಯುವಂತೆ ಇ.ಸಿ., ತೆಗೆಸುವುದು.

ನನ್ನ ಡೈರಿಯಲ್ಲಿ ಆ ದಿನಕ್ಕೆ ಐದು ಪುಟ ಆಯಿತು.

ಈಗ ತೆರೆಯ ಮೇಲಿರುವುದು ಝೆರಾಕ್ಸ್ ಅಂಗಡಿ. ಇದರ ಮುಂದೆ ನಿಲ್ಲುವವರಲ್ಲಿ ಗುಮಾಸ್ತರೇ ಹೆಚ್ಚು. ನಮ್ಮ ಕಚೇರಿಯ ಗುಮಾಸ್ತರನ್ನು ಎಲ್ಲರೂ ಕಾಕಾ ಎನ್ನುತ್ತಾರೆ. ಕರಿ ಕೋಟು ಹಾಕಿಕೊಂಡು ಬಂದ ಇಂಟರ್ನ್‌ಗಳು ಕಾಕಾನ ಪಕ್ಕ ಕೂರಲು ಹಿಂಜರಿಯುವುದನ್ನು ನೋಡಿದ್ದೇನೆ, ನಷ್ಟ ಅವರದ್ದೇ. ದಾವೆ ದಾಖಲಿಸುವುದು ಎಂದರೆ ಏನು? ವಾದಪತ್ರದ ಕೊನೆಯಲ್ಲಿ ಬರೆದದ್ದು ನಿಜ ಎಂಬ ಸತ್ಯಾಪನೆ ಇರಬೇಕು, ಅದರ ಜೊತೆ ಪ್ರಮಾಣಪತ್ರ (ಅಫಿಡವಿಟ್) ಇರಬೇಕು, ಪ್ರತಿವಾದಿಗಳು ಎಷ್ಟು ಜನವೋ ಅಷ್ಟು ಪ್ರತಿ, ವಕಾಲತ್ತು, ದಾಖಲೆಗಳ ಪಟ್ಟಿ, ಸಮನ್ಸ್ ಶುಲ್ಕ. ಪುಟ ಸಂಖ್ಯೆ ತಪ್ಪಿದರೂ ಕಚೇರಿ ಆಕ್ಷೇಪಣೆ ಬರೆದು ವಾಪಸ್ ಕಳುಹಿಸುತ್ತದೆ. ಕಾಕಾ ದಬ್ಬಣದಿಂದ ಮೂರು ತೂತು ಹಾಕಿ, ದಾರ ಪೋಣಿಸಿ, ಗಂಟನ್ನು ಹಿಂಬದಿಗೆ ತಂದು ಬಿಗಿಯುತ್ತಾರೆ. ಎಡ ಅಂಚಿನಲ್ಲಿ ಎರಡು ಬೆರಳು ಜಾಗ ಬಿಟ್ಟು ಟೈಪ್ ಮಾಡಿಸದಿದ್ದರೆ ಅಕ್ಷರ ಹೊಲಿಗೆಯೊಳಗೆ ಹೋಗುತ್ತದೆ, ನ್ಯಾಯಾಧೀಶರು ಕಡತವನ್ನು ಬಗ್ಗಿಸಿ ಓದಬೇಕಾಗುತ್ತದೆ. "ಓದುವವರಿಗೆ ಸಿಟ್ಟು ಬರಿಸಬಾರದು ತಂಗಿ" ಎನ್ನುತ್ತಾರೆ ಕಾಕಾ. ಕರಡು ರಚನೆಯ ತರಗತಿಯಲ್ಲಿ ಇಷ್ಟು ಉಪಯುಕ್ತವಾದ ವಾಕ್ಯವನ್ನು ನಾನು ಕೇಳಿಲ್ಲ.

ಕೋರ್ಟ್ ಹಾಲಿನ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ಬೆಳಿಗ್ಗೆ ಪ್ರಕರಣಗಳನ್ನು ಕೂಗುವ ಹೊತ್ತಿನಲ್ಲಿ ಕೂತರೆ ಏನೂ ಅರ್ಥವಾಗುವುದಿಲ್ಲ. ಬಹುಪಾಲು ಮುಂದಿನ ದಿನಾಂಕ ಕೊಡುವುದೇ ನಡೆಯುತ್ತದೆ. ಹಿಂದಿನ ದಿನವೇ ಇ-ಕೋರ್ಟ್ಸ್ ಆ್ಯಪ್‌ನಲ್ಲಿ ಪಟ್ಟಿ ನೋಡಿ, ಸಾಕ್ಷ್ಯದ ಹಂತದಲ್ಲಿರುವ ಒಂದು ಪ್ರಕರಣ ಆರಿಸಿಕೊಳ್ಳಿ. ಪಾಟಿ ಸವಾಲು ನಡೆಯುವಾಗ ವಕೀಲರನ್ನು ನೋಡಬೇಡಿ, ಸಾಕ್ಷಿಯನ್ನು ನೋಡಿ, ಬೆರಳಚ್ಚುಗಾರರ ಪರದೆಯ ಮೇಲೆ ಏನು ದಾಖಲಾಗುತ್ತಿದೆ ಎಂಬುದಕ್ಕೆ ಗಮನ ಕೊಡಿ. ಸಾಕ್ಷಿ ಹತ್ತು ಮಾತಾಡಿದರೂ ಉಳಿಯುವುದು ಆ ದಾಖಲಾದ ಸಾಲು ಮಾತ್ರ. ಕ್ರಿಮಿನಲ್ ಕೋರ್ಟಿನಲ್ಲಿ ಎರಡು ಸಂಹಿತೆಗಳನ್ನೂ ಇಟ್ಟುಕೊಳ್ಳಿ. 2024ರ ಜುಲೈ 1ಕ್ಕೆ ಮುಂಚಿನ ಅಪರಾಧವಾದರೆ ವಂಚನೆಗೆ ಹಳೆಯ ಭಾರತೀಯ ದಂಡ ಸಂಹಿತೆಯ 420, ಆಮೇಲಿನದಾದರೆ ಹೊಸ ಭಾರತೀಯ ನ್ಯಾಯ ಸಂಹಿತೆಯ 318(4). ಒಂದೇ ಬೆಳಿಗ್ಗೆ ಎರಡೂ ಕಿವಿಗೆ ಬೀಳುತ್ತವೆ.

ಮೇ ತಿಂಗಳಲ್ಲಿ ಮಾಡೋಣ, ಕಾಲೇಜಿಗೆ ರಜೆ ಎಂದುಕೊಂಡಿದ್ದರೆ ಸ್ವಲ್ಪ ತಡೆಯಿರಿ. ಬೇಸಿಗೆಯಲ್ಲಿ ಸಿವಿಲ್ ನ್ಯಾಯಾಲಯಗಳಿಗೂ ರಜೆ. ಪಾಲು, ತಡೆಯಾಜ್ಞೆ ನೋಡಬೇಕೆಂದು ಬಂದವರು ಕ್ರಿಮಿನಲ್ ಕೋರ್ಟಿನ ಜಾಮೀನು ಅರ್ಜಿಗಳನ್ನು ನೋಡಿ ಮರಳಬೇಕಾಗುತ್ತದೆ. ಮೇಲಾಗಿ ನಮ್ಮ ರಾಯಚೂರಿನ ಬಿಸಿಲು. ಸುಪ್ರೀಂ ಕೋರ್ಟ್, ಹೈಕೋರ್ಟ್ ಬಿಟ್ಟು ಉಳಿದ ಕಡೆ ಬೇಸಿಗೆಯಲ್ಲಿ ಕರಿ ಕೋಟು ಕಡ್ಡಾಯವಲ್ಲ ಎಂದು ವಕೀಲರಿಗೇ ವಿನಾಯಿತಿ ಇದೆ. ಇಂಟರ್ನ್‌ಗಳು ತಮ್ಮ ಸೀನಿಯರ್ ಬಳಿ ಒಂದು ಮಾತು ಕೇಳಿ ಕೋಟನ್ನು ಕೈಮೇಲೆ ಹಾಕಿಕೊಂಡರೆ ಯಾರ ಗೌರವವೂ ಕುಂದುವುದಿಲ್ಲ.

ವಕೀಲರ ಪರಿಚಯವೇ ಇಲ್ಲದವರು ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದಲ್ಲಿ ಕೇಳಿ ನೋಡಿ. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಂ ಪ್ರಕಾರ ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಪಂಗಡದವರು, ಬಂಧನದಲ್ಲಿರುವವರು, ಅಂಗವಿಕಲರು ಇವರಿಗೆ ಆದಾಯ ಎಷ್ಟೇ ಇರಲಿ ಉಚಿತ ಕಾನೂನು ನೆರವು ಸಿಗುತ್ತದೆ. ಚೀಲ ಹಿಡಿದು ಬಂದ ಆ ತಾಯಿಗೆ ಇದು ಗೊತ್ತಿರಲಿಲ್ಲ. ಕೇಳಿಸಿಕೊಳ್ಳುವ ನೀವಾದರೂ 15100 ಸಹಾಯವಾಣಿಯನ್ನು ಮೊಬೈಲಿನಲ್ಲಿ ಉಳಿಸಿಕೊಳ್ಳಿ.

"ಬೆಂಗಳೂರಿನ ದೊಡ್ಡ ಸಂಸ್ಥೆ ಬಿಟ್ಟು ರಾಯಚೂರಿನಲ್ಲಿ ಯಾಕೆ?" ಎಂದು ಅಣ್ಣ ಕೇಳಿದ್ದ. ಕಂಪನಿ ಕಾನೂನಿನಲ್ಲಿ ಆಸಕ್ತಿ ಇರುವವರು ಖಂಡಿತ ಅಲ್ಲಿಗೇ ಹೋಗಲಿ. ನನಗೆ ಮಾನ್ವಿ, ಸಿಂಧನೂರು, ಲಿಂಗಸುಗೂರಿನ ಕೋರ್ಟುಗಳಲ್ಲಿ ನಿಲ್ಲುವ ಆಸೆ. ಅಲ್ಲಿ ಬರುವುದು ಪಾಲು, ಬದುವಿನ ಜಗಳ, ಚೆಕ್ ಬೌನ್ಸ್, ಅಪಘಾತ ಪರಿಹಾರ, ಜೀವನಾಂಶ. ಗಾಜಿನ ಕಟ್ಟಡದಲ್ಲಿ ಕೂತು ತೀರ್ಪು ಹುಡುಕಿಕೊಟ್ಟರೆ ಕಾಕಾನ ಹೊಲಿಗೆ ಬರುವುದಿಲ್ಲ.

ಅಮೆರಿಕದಲ್ಲಿ ಇಂಥದ್ದನ್ನು ಎಕ್ಸ್‌ಟರ್ನ್‌ಶಿಪ್ ಎನ್ನುತ್ತಾರೆ. ಅಲ್ಲಿನ ಬಾರ್ ಅಸೋಸಿಯೇಷನ್ ಕಾನೂನು ಶಾಲೆಗಳಿಗೆ ಹಾಕಿದ ನಿಯಮದಂತೆ ಪದವಿಗೆ ಕನಿಷ್ಠ 6 ಕ್ರೆಡಿಟ್‌ನಷ್ಟು ಕೈಯಾರೆ ಮಾಡಿ ಕಲಿತದ್ದು ಬೇಕು. ಎಕ್ಸ್‌ಟರ್ನ್‌ಶಿಪ್ ಅದಕ್ಕೊಂದು ದಾರಿ. ಅವರದ್ದೆಲ್ಲ ಮೇಲು ಎಂದು ನಾನು ಹೇಳುವುದಿಲ್ಲ, ಆದರೆ ಒಂದು ವ್ಯವಸ್ಥೆ ನನಗೆ ಇಷ್ಟ. ಕೆಲಸದ ಜಾಗದಲ್ಲಿ ಒಬ್ಬ ವಕೀಲರು ಮೇಲ್ವಿಚಾರಣೆ ಮಾಡಿದರೆ, ಕಾಲೇಜಿನ ಅಧ್ಯಾಪಕರೂ ಅದರಲ್ಲಿ ಪಾಲುಗೊಂಡು ವಿದ್ಯಾರ್ಥಿಯ ಅನುಭವವನ್ನು ವಿಮರ್ಶೆಗೆ ಒಡ್ಡಬೇಕು. ನಮ್ಮಲ್ಲಿಯೂ ಡೈರಿಗೆ ಅಂಕವಿದೆ, ಮೌಖಿಕ ಪರೀಕ್ಷೆಗೆ 10 ಅಂಕವಿದೆ. ಅಧ್ಯಾಪಕರು ಪುಟ ತಿರುವಿ, "ಆ ಸಾಕ್ಷಿ ಯಾಕೆ ತಡವರಿಸಿದ?" ಎಂದು ಒಂದು ಪ್ರಶ್ನೆ ಕೇಳಿದರೆ ಸಾಕು, ನಕಲು ಡೈರಿಗಳೆಲ್ಲ ಒಂದೇ ವರ್ಷದಲ್ಲಿ ನಿಂತುಹೋಗುತ್ತವೆ.

ಸೀನಿಯರ್ ಹುಡುಕುವಾಗ ಹೆಸರು, ಆಡಂಬರ ನೋಡಬೇಡಿ. "ಕಕ್ಷಿದಾರರು ಬಂದಾಗ ನಾನು ಪಕ್ಕದಲ್ಲಿ ಕೂರಬಹುದೇ?" ಎಂದು ಮೊದಲ ದಿನವೇ ಕೇಳಿ. ಕೂರು ಎಂದವರ ಬಳಿಗೆ ಹೋಗಿ, ಅವರ ಕಚೇರಿ ಎಷ್ಟೇ ಚಿಕ್ಕದಿರಲಿ.

ನನಗಿನ್ನೂ ಮೇಲ್ಮನವಿಯ ಭಾಗ ಬಾಕಿಯಿದೆ. ರಾಯಚೂರು ಜಿಲ್ಲೆಯ ಕಡತಗಳು ಹೈಕೋರ್ಟಿನ ಕಲಬುರಗಿ ಪೀಠಕ್ಕೆ ಹೋಗುತ್ತವೆ. ಸಿಂಧನೂರು ದಾಟಿ ಕಾರಟಗಿಗೆ ಕಾಲಿಟ್ಟರೆ ಅದು ಕೊಪ್ಪಳ ಜಿಲ್ಲೆ, ಅಲ್ಲಿಯ ಕಡತ ಧಾರವಾಡಕ್ಕೆ. ಹಾಗಾಗಿ ಮುಂದಿನ ವಿಡಿಯೊ ಕಲಬುರಗಿಯಿಂದ. ಪೀಠಕ್ಕೆ ಹತ್ತಿರದಲ್ಲಿ ಹುಡುಗಿಯರಿಗೆ ಒಳ್ಳೆಯ ಪಿ.ಜಿ. ಗೊತ್ತಿದ್ದವರು ದಯವಿಟ್ಟು ತಿಳಿಸಿ. ಎರಡೂ ಹೊತ್ತು ಅನ್ನವೇ ಕೊಡುವ ಜಾಗ ಬೇಡ, ಒಂದು ಹೊತ್ತಾದರೂ ಜೋಳದ ರೊಟ್ಟಿ ಇರಲಿ.