ಒಂದೇ ಕೊಳದ ಕೆಸರಿನಲ್ಲಿ 46 ಅಲೋಸಾರಸ್‌ಗಳು

ನಮಸ್ಕಾರ. ತೆರೆಯ ಮೇಲೆ ಕಾಣುತ್ತಿರುವುದು ಅಮೆರಿಕದ ಯೂಟಾ ರಾಜ್ಯದ ಕ್ಲೀವ್‌ಲ್ಯಾಂಡ್-ಲಾಯ್ಡ್ ಡೈನೋಸಾರ್ ಕ್ವಾರಿ. ಈ ತಗಡಿನ ಶೆಡ್ಡುಗಳನ್ನು ಕಂಡು ಗೋದಾಮೆಂದುಕೊಂಡರೆ ಆಶ್ಚರ್ಯವಿಲ್ಲ. ನೋಡಬೇಕಾದದ್ದು ಅವುಗಳ ಒಳಗಿನ ನೆಲವನ್ನು. ಜುರಾಸಿಕ್ ಅವಧಿಯ ಕೊನೆಯ ಭಾಗದಲ್ಲಿ, ಅಂದರೆ ಸುಮಾರು 14.7 ಕೋಟಿ ವರ್ಷಗಳ ಹಿಂದೆ, ಇಲ್ಲೊಂದು ಕೊಳವಿತ್ತು. ಅದರ ಕೆಸರು ಗಟ್ಟಿಯಾಗಿ ಉಂಟಾದ ಪದರದಿಂದ ಈವರೆಗೆ 10,000ಕ್ಕೂ ಹೆಚ್ಚು ಮೂಳೆಗಳನ್ನು ಹೊರತೆಗೆಯಲಾಗಿದೆ.

ಅವುಗಳಲ್ಲಿ ಹೆಚ್ಚಿನವು ಅಲೋಸಾರಸ್‌ನವು. 1877ರಲ್ಲಿ ಅಮೆರಿಕದ ಪಳೆಯುಳಿಕೆ ತಜ್ಞ ಆತ್ನಿಯೆಲ್ ಮಾರ್ಷ್ ಹೆಸರಿಟ್ಟ ಈ ಮಾಂಸಾಹಾರಿ ಡೈನೋಸಾರ್, ಪೂರ್ತಿ ಬೆಳೆದಾಗ ಎಂಟು ಮೀಟರಿಗೂ ಮೀರಿ ಉದ್ದವಿರುತ್ತಿತ್ತು. ಮೂಳೆಗಳು ಚೆಲ್ಲಾಪಿಲ್ಲಿಯಾಗಿ ಬಿದ್ದಿರುವ ಇಂಥ ಕಡೆ, ದೇಹದ ಒಂದೇ ಬದಿಯ ಒಂದೇ ಮೂಳೆ ಎಷ್ಟು ಸಲ ಸಿಕ್ಕಿತು ಎಂಬುದರ ಮೇಲೆ ಪ್ರಾಣಿಗಳ ಕನಿಷ್ಠ ಸಂಖ್ಯೆಯನ್ನು ಕಟ್ಟುವುದು ವಾಡಿಕೆ. ಹಾಗೆ ಸಿಕ್ಕಿದ ಲೆಕ್ಕವೇ 46 ಅಲೋಸಾರಸ್‌ಗಳು. ಬೇಟೆಯ ಪ್ರಾಣಿಗಳು ಹೆಚ್ಚು, ಅವನ್ನು ತಿನ್ನುವವು ಕಡಿಮೆ ಎಂಬುದು ಪ್ರಕೃತಿಯ ಲೆಕ್ಕಾಚಾರ. ಇಲ್ಲಿ ಅದು ತಲೆಕೆಳಗಾಗಿದೆ: ಸತ್ತವುಗಳಲ್ಲಿ ಸುಮಾರು ಮುಕ್ಕಾಲು ಪಾಲು ಮಾಂಸಾಹಾರಿಗಳೇ.

ಏಕೆ ಹೀಗಾಯಿತು? 1960ರ ದಶಕದಲ್ಲಿ ವಿಲಿಯಂ ಲೀ ಸ್ಟೋಕ್ಸ್ ಮತ್ತು ಜೇಮ್ಸ್ ಮ್ಯಾಡ್ಸೆನ್ ಯೂಟಾ ವಿಶ್ವವಿದ್ಯಾಲಯದ ಪರವಾಗಿ ಇಲ್ಲಿ ದೊಡ್ಡ ಉತ್ಖನನ ನಡೆಸಿದರು. ಸಸ್ಯಾಹಾರಿಯೊಂದು ಕೆಸರಿನಲ್ಲಿ ಹೂತುಹೋಯಿತು, ಅದನ್ನು ತಿನ್ನಲು ಬಂದ ಅಲೋಸಾರಸ್ ತಾನೂ ಸಿಕ್ಕಿಬಿದ್ದಿತು, ಅದರ ವಾಸನೆಗೆ ಮತ್ತೊಂದು ಬಂತು ಎಂಬ ವಿವರಣೆ ಬಹುಕಾಲ ಪ್ರಚಲಿತವಾಗಿತ್ತು. ಲಾಸ್ ಏಂಜಲಿಸ್‌ನ ಲಾ ಬ್ರೆಯಾ ಡಾಂಬರು ಹೊಂಡಗಳಲ್ಲಿ ತೋಳಗಳಿಗೂ ಕೋರೆಹಲ್ಲಿನ ಬೆಕ್ಕುಗಳಿಗೂ ನಿಜಕ್ಕೂ ಅದೇ ಗತಿಯಾಗಿತ್ತು. ಕಥೆಯೇನೋ ಸೊಗಸಾಗಿದೆ. ಆದರೆ ಹೂತುಹೋದ ಪ್ರಾಣಿಯ ಕಾಲುಗಳಾದರೂ ಕೆಸರಿನಲ್ಲಿ ನಿಂತ ಹಾಗೇ ಉಳಿಯಬೇಕಲ್ಲವೇ? ಇಲ್ಲಿನ ಮೂಳೆಗಳು ಬಹುತೇಕ ಒಂದರಿಂದೊಂದು ಬೇರ್ಪಟ್ಟಿವೆ. 2005ರಲ್ಲಿ ಟೆರಿ ಗೇಟ್ಸ್ ಬರಗಾಲದ ವಾದವನ್ನು ಮುಂದಿಟ್ಟರು: ಬತ್ತುತ್ತಿದ್ದ ಕೊಳದ ಸುತ್ತ ಪ್ರಾಣಿಗಳು ನೆರೆದು ಅಲ್ಲೇ ಸತ್ತವು ಎಂಬುದು ಅದರ ತಿರುಳು.

ನನಗೆ ಹೆಚ್ಚು ಒಪ್ಪಿಗೆಯಾಗುವುದು 2017ರಲ್ಲಿ ಜೋಸೆಫ್ ಪೀಟರ್ಸನ್ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನ. ಅವರು ದೊಡ್ಡ ಮೂಳೆಗಳನ್ನು ಬಿಟ್ಟು, ಅಗೆಯುವಾಗ ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳದ ಮೂಳೆಯ ಚೂರುಗಳತ್ತ ತಿರುಗಿದರು. ಕೆಲವೇ ಮಿಲಿಮೀಟರಿನ ಈ ಚೂರುಗಳನ್ನು ಸೂಕ್ಷ್ಮದರ್ಶಕದಡಿ ಇಟ್ಟು, ನೀರಿನಲ್ಲಿ ಉರುಳಾಡಿ ಅವುಗಳ ಅಂಚು ಎಷ್ಟು ಸವೆದಿದೆ ಎಂದು ನೋಡಿದರು. ಸುತ್ತಲಿನ ಮಣ್ಣಿನ ರಾಸಾಯನಿಕ ಪರೀಕ್ಷೆಯನ್ನೂ ಮಾಡಿದರು. ಮಣ್ಣಿನಲ್ಲಿ ಭಾರಲೋಹಗಳೂ ಗಂಧಕದ ಖನಿಜಗಳೂ ಕಂಡವು. ಬೇರೆಡೆ ಸತ್ತ ಪ್ರಾಣಿಗಳ ಹೆಣಗಳನ್ನು ನೆರೆನೀರು ಒಂದಲ್ಲ, ಹಲವು ಬಾರಿ ಈ ಕೊಳಕ್ಕೆ ತಂದು ಹಾಕಿತು. ಅವು ಕೊಳೆಯುತ್ತ ನೀರನ್ನು ಯಾವ ಜೀವಿಯೂ ಬಾಳಲಾಗದಷ್ಟು ಕೆಡಿಸಿದವು ಎಂಬುದು ಅವರ ತೀರ್ಮಾನ.

ಕೊಳವೆಂದ ಮೇಲೆ ಹೇರಳವಾಗಿ ಇರಬೇಕಾದ ಮೀನು, ಆಮೆ, ಮೊಸಳೆಗಳ ಅವಶೇಷ ಇಲ್ಲಿ ತೀರಾ ವಿರಳವಾಗಿರುವುದಕ್ಕೂ ಇದರಿಂದ ಕಾರಣ ಸಿಗುತ್ತದೆ. ಅದಕ್ಕಿಂತ ಮುಖ್ಯವಾದದ್ದು ಹಲ್ಲಿನ ಗುರುತು. ಹಸಿದ ಅಲೋಸಾರಸ್‌ಗಳು ಒಂದರ ಹಿಂದೊಂದು ಹೆಣಕ್ಕೆ ಮುಗಿಬಿದ್ದಿದ್ದರೆ ಮೂಳೆಗಳ ಮೇಲೆ ಕಚ್ಚಿದ ಗೀರುಗಳು ತುಂಬಿರಬೇಕಿತ್ತು. ಇಲ್ಲಿ ಅಂಥವು ಸಿಗುವುದೇ ಅಪರೂಪ. ಕೊಳೆತು ನಾರುವ ನೀರಿಗೆ ಯಾರೂ ಇಳಿಯಲಿಲ್ಲವೆಂದರೆ ಅದು ಸರಿಹೊಂದುತ್ತದೆ.

ಆದರೂ ನೆರೆಗೆ ಜಾತಿಭೇದವಿಲ್ಲ. ಅದು ಸಸ್ಯಾಹಾರಿಗಳ ಹೆಣಗಳನ್ನೂ ಅಷ್ಟೇ ಸುಲಭವಾಗಿ ತರಬೇಕಿತ್ತು, ಸಂಖ್ಯೆಯಲ್ಲಿ ಅವೇ ಹೆಚ್ಚಿದ್ದರಿಂದ ಇನ್ನೂ ಹೆಚ್ಚಾಗಿ ತರಬೇಕಿತ್ತು. ಅಲೋಸಾರಸ್‌ಗಳೇ ಏಕೆ ಈ ಪ್ರಮಾಣದಲ್ಲಿ ಬಂದು ಸೇರಿದವು ಎಂಬ ಪ್ರಶ್ನೆಯನ್ನು ಈ ಅಧ್ಯಯನವೂ ಮುಗಿಸಿಲ್ಲ. ಶೆಡ್ಡಿನ ನೆಲದಲ್ಲಿ ಅಗೆಯದೆ ಉಳಿದ ಪದರ ಇನ್ನೂ ಇದೆ.